ಗಾಂಜಾ ಔಷಧಿ ತಗೊಳ್ಳುವ ಹಿರಿಯರ ಬಿಪಿ: ನಿಂತಾಗಲೂ ನೋಡಿ

ನಮ್ಮತ್ತೆಗೆ 71 ವರ್ಷ, ಅಮೆರಿಕದ ಸ್ಯಾನ್ ಹೋಸೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಕ್ಯಾನ್ಸರಿಗೆ ಕೊಟ್ಟ ಕಿಮೋ ಮುಗಿದ ಮೇಲೆ ಪಾದಗಳಲ್ಲಿ ಉರಿ ಶುರುವಾಗಿ ರಾತ್ರಿ ನಿದ್ದೆಯೇ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಔಷಧಿಗಾಗಿ ಗಾಂಜಾ ಬಳಸಲು 1996ರಿಂದಲೇ ಅವಕಾಶ ಇದೆ. ಡಾಕ್ಟರನ್ನು ಕೇಳಿಯೇ ರಾತ್ರಿ ಒಂದು ಗಮ್ಮಿ, ಅಂದರೆ ಗಾಂಜಾ ಸತ್ವ ಬೆರೆಸಿದ ಮೆತ್ತನೆ ಮಿಠಾಯಿ, ಶುರು ಮಾಡಿದೆವು. ಬಿಪಿಗೆ ಆಮ್ಲೋಡಿಪಿನ್ ಮೊದಲಿಂದಲೂ ಇತ್ತು.

ನಾಲ್ಕನೇ ರಾತ್ರಿ ಬಾತ್‌ರೂಮಿಗೆ ಎದ್ದವರು ಗೋಡೆ ಹಿಡಿದು ಕುಸಿದು ಕೂತರು. "ಕಣ್ಣು ಕತ್ತಲೆ ಬಂತು ಕಣಮ್ಮ" ಅಂದರು. ಓಡಿಹೋಗಿ ಮಿಷನ್ ತಂದೆ. ಕೂತಾಗ 132/78. ಚೆನ್ನಾಗೇ ಇದೆ ಅಲ್ವಾ? ಸ್ವಲ್ಪ ಹೊತ್ತು ಬಿಟ್ಟು, ಗಂಡ ಭುಜ ಹಿಡಿದುಕೊಂಡು ನಿಲ್ಲಿಸಿದಾಗ ನೋಡಿದರೆ 104/62. ಆವತ್ತಿಂದ ಕೂತಾಗಿನ ಅಂಕಿ ಒಂದನ್ನೇ ನಾನು ನಂಬುವುದಿಲ್ಲ.

ಗಾಂಜಾದಲ್ಲಿ ಅಮಲು ತರುವ ಅಂಶವಾದ ಟಿಎಚ್‌ಸಿ ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ಎದೆಬಡಿತ ಜೋರು ಮಾಡುತ್ತದೆ. ಕಣ್ಣು ಕೆಂಪಾಗುವುದೂ ನಾಳ ಹಿಗ್ಗುವುದರಿಂದಲೇ. ಕೂತಾಗ, ಮಲಗಿದಾಗ ಬಿಪಿ ಸ್ವಲ್ಪ ಏರಲೂಬಹುದು. ಎದ್ದು ನಿಂತ ಕೂಡಲೇ ರಕ್ತ ಕಾಲಿಗೆ ಇಳಿದು ಬಿಪಿ ಬೀಳುತ್ತದೆ. ಬಿಪಿ ಮಾತ್ರೆಯೂ ಜೊತೆಗಿದ್ದರೆ ಇನ್ನೂ ಜಾಸ್ತಿ ಬೀಳಬಹುದು.

ನಾವು ಈಗ ಮಾಡುವುದು ಹೀಗೆ. ಗಮ್ಮಿ ಕೊಡುವ ಮೊದಲು ಅತ್ತೆ ಬಾತ್‌ರೂಮಿಗೆ ಹೋಗಿಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ನೆ ಕೂರುತ್ತಾರೆ. ಮಾತಿಲ್ಲ, ಅರ್ಧ ಗಂಟೆ ಮುಂಚಿನಿಂದ ಕಾಫಿಯೂ ಇಲ್ಲ. ತೋಳು ಎದೆಯ ಮಟ್ಟಕ್ಕೆ ಬರುವ ಹಾಗೆ ಮೇಜಿನ ಮೇಲಿಟ್ಟು ಬರಿ ತೋಳಿಗೆ ಪಟ್ಟಿ ಸುತ್ತುತ್ತೇನೆ. ಮೊದಲು ಕೂತಾಗಿನ ಬಿಪಿ ನೋಡಿ, ಆಮೇಲೆ ನಿಲ್ಲಿಸಿ ಒಂದು ನಿಮಿಷ ಆದಾಗ ಒಂದು ಸಲ, ಮೂರು ನಿಮಿಷ ಆದಾಗ ಇನ್ನೊಂದು ಸಲ ನೋಡುತ್ತೇನೆ. ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ಇರಲೇಬೇಕು. ಗಮ್ಮಿ ತಗೊಂಡ ಎರಡು ಗಂಟೆಗೆ ಮತ್ತೆ ಇದೇ ಕ್ರಮ. ಹೊಗೆಯಾದರೆ ಪರಿಣಾಮ ನಿಮಿಷಗಳಲ್ಲೇ ಕಾಣುತ್ತದೆ, ಗಮ್ಮಿಗೆ ಅರ್ಧದಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲ ಅಂತ ಇನ್ನೊಂದು ಗಮ್ಮಿ ಕೊಡಬೇಡಿ.

ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬರೆದಿಟ್ಟು ಡಾಕ್ಟರಿಗೆ ಹೇಳಿ. ತಲೆ ಸುತ್ತಿದರೆ ತಕ್ಷಣ ಮಲಗಿಸಿ ಕಾಲು ಎತ್ತರಕ್ಕಿಡಿ. ಎದೆನೋವು, ಪ್ರಜ್ಞೆ ತಪ್ಪುವುದು, ಮಾತು ತೊದಲುವುದು ಕಂಡರೆ ಕಾಯಬೇಡಿ, ಇಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ.

ಬಿಪಿ ಮಾತ್ರೆಯನ್ನು ನೀವೇ ಕಡಿಮೆ ಮಾಡಬೇಡಿ. ನಮ್ಮ ಡಾಕ್ಟರ್ ಅಂಕಿಗಳನ್ನು ನೋಡಿದ ಮೇಲೆ 5 ಮಿಲಿಗ್ರಾಂ ಗಮ್ಮಿಯನ್ನು ಅರ್ಧ ಮಾಡಿದರು. ರಾತ್ರಿ ಏಳುವಾಗ ಅತ್ತೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ಪಾದ ಆಡಿಸಿ, ನನ್ನನ್ನು ಕರೆದೇ ಏಳುತ್ತಾರೆ.

ಗಾಂಜಾ ಗಿಡದ ಇನ್ನೊಂದು ಅಂಶ ಸಿಬಿಡಿ. ಸಿಬಿಡಿ ಎಣ್ಣೆಯಲ್ಲಿ ಅಮಲಿಲ್ಲ, ಅದಕ್ಕೇ ಏನೂ ಆಗಲ್ಲ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದೂ ಬಿಪಿ ಇಳಿಸಬಲ್ಲದು. ಲಿವರ್ ಕೆಲವು ಮಾತ್ರೆಗಳನ್ನು ಕರಗಿಸುವ ವೇಗವನ್ನೂ ತಗ್ಗಿಸುತ್ತದೆ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು ಇದನ್ನು ಡಾಕ್ಟರಿಂದ ಮುಚ್ಚಿಡಲೇಬಾರದು.

ಇನ್ನು ಊರಿಗೆ ಹೊರಡುವ ಮಾತು. ಗಮ್ಮಿಯನ್ನು ಸೂಟ್‌ಕೇಸಿಗೆ ಹಾಕಬೇಡಿ. ಅಮೆರಿಕದ ಒಕ್ಕೂಟ ಕಾನೂನಿಗೂ, ಮಾದಕ ವಸ್ತುಗಳನ್ನು ತಡೆಯುವ ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಗೂ ಅದು ಅಪರಾಧ. ದಿನಾ ತಗೊಳ್ಳುತ್ತಿದ್ದವರು ಥಟ್ಟನೆ ಬಿಟ್ಟಾಗ ಕೆಲವರಿಗೆ ಬಿಪಿ ಏರುತ್ತದೆ. ಅದಕ್ಕೇ ಹೊರಡುವ ಮುಂಚೆಯೇ ಹೇಗೆ ಬಿಡಿಸಬೇಕು ಅಂತ ಡಾಕ್ಟರನ್ನು ಕೇಳಿ. ಕಳೆದ ಸಲ ಮೈಸೂರಿಗೆ ಹೋಗುವಾಗ ಅತ್ತೆಯ ಬ್ಯಾಗಿನಲ್ಲಿ ಗಮ್ಮಿ ಇರಲಿಲ್ಲ. ಬಿಪಿ ಮಿಷನ್ನೂ ಅಂಕಿ ಬರೆದ ಪುಸ್ತಕವೂ ಇದ್ದವು.