ಕುತ್ತಿಗೆಗೆ ನರ್ವ್ ಬ್ಲಾಕ್ ಮಾಡಿಸುವ ಮುಂಚೆ

ಎಂಆರ್‌ಐ ರಿಪೋರ್ಟಿನಲ್ಲಿ ಒಪಿಎಲ್‌ಎಲ್ ಅಂತ ಬರೆದಿದೆಯಾ? ಕುತ್ತಿಗೆಯೊಳಗೆ ಬೆನ್ನುಹುರಿಯ ಮುಂಭಾಗದಲ್ಲಿರುವ ಲಿಗಮೆಂಟ್ ಪಟ್ಟಿ ನಿಧಾನವಾಗಿ ಮೂಳೆಯಾಗುತ್ತಿದೆ ಅಂತ ಅರ್ಥ. 50 ದಾಟಿದ ಗಂಡಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಜಾಸ್ತಿ. ಆ ಮೂಳೆ ನರದ ಬೇರನ್ನು ಒತ್ತಿದರೆ ಭುಜದಿಂದ ಬೆರಳವರೆಗೆ ಸೆಳೆತ, ಜೋಮು.

ನರ್ವ್ ಬ್ಲಾಕ್‌ನಲ್ಲಿ ಆ ನರದ ಪಕ್ಕಕ್ಕೆ ಮರಗಟ್ಟಿಸುವ ಔಷಧಿ ಕೊಡುತ್ತಾರೆ, ಹಲವು ಸಲ ಜೊತೆಗೆ ಸ್ಟೆರಾಯ್ಡ್ ಕೂಡ. ನೋವು ಸ್ವಲ್ಪ ಕಾಲ ತಗ್ಗಬಹುದು. ಮೂಳೆ ಮಾತ್ರ ಕರಗುವುದಿಲ್ಲ.

ಹಾಗಾಗಿ ಮೊದಲು ನಿಮ್ಮ ಕೈಕಾಲು ಗಮನಿಸಿ. ಅಂಗಿ ಗುಂಡಿ ಹಾಕಲು ಬೆರಳು ತಡವರಿಸುತ್ತಿದ್ದರೆ, ಮೆಟ್ಟುಗತ್ತಿ ಮುಂದೆ ಕೂತಾಗ ಅಡಿಕೆ ಕೈಯಿಂದ ಜಾರುತ್ತಿದ್ದರೆ, ದಿನಾ ದಾಟುವ ಸಂಕದ ಮೇಲೆ ಈಗ ಕಾಲು ಸ್ಥಿರ ನಿಲ್ಲದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ, ಒತ್ತಡ ಬೆನ್ನುಹುರಿಗೇ ತಲುಪಿರಬಹುದು. ಅದಕ್ಕೆ ಬ್ಲಾಕ್ ಉತ್ತರವಲ್ಲ. ತಡಮಾಡದೆ ಸ್ಪೈನ್ ಸರ್ಜನ್ ಹತ್ತಿರ ಹೋಗಿ, ಆಪರೇಷನ್ ಬೇಕಾಗಬಹುದು.

ಬರೀ ಕೈನೋವು ಅಂತಾದರೆ ಬ್ಲಾಕ್ ಬಗ್ಗೆ ಕೇಳಿ. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ಖಾಸಗಿಗೆ ಹೋಗಿ, ಸೂಜಿ ಎಲ್ಲಿ ಹೋಗುತ್ತಿದೆ ಅಂತ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲಿ ಅಥವಾ ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡೇ ಕೊಡುತ್ತೀರಾ ಅಂತ ಕೇಳಲೇಬೇಕು. ಕುತ್ತಿಗೆಯ ನರಗಳ ಪಕ್ಕದಲ್ಲೇ ಮಿದುಳಿಗೆ ಹೋಗುವ ರಕ್ತನಾಳಗಳಿವೆ, ಅಂದಾಜಿನಲ್ಲಿ ಚುಚ್ಚುವ ಜಾಗವಲ್ಲ. ಯಾವ ಸ್ಟೆರಾಯ್ಡ್ ಅಂತಲೂ ಕೇಳಿ. ಕಣಗಳಿಲ್ಲದ ಡೆಕ್ಸಾಮೆಥಾಸೋನ್ ಇಲ್ಲಿ ಹೆಚ್ಚು ಸುರಕ್ಷಿತ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ. ಶುಗರ್ ಇರುವವರಿಗೆ ಸ್ಟೆರಾಯ್ಡ್‌ನಿಂದ ಕೆಲವು ದಿನ ಸಕ್ಕರೆ ಏರುತ್ತದೆ, ಮನೆಯಲ್ಲೇ ನೋಡಿಕೊಳ್ಳುತ್ತಿರಿ.

ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಕೈ ಕೆಲವು ಗಂಟೆ ಮರಗಟ್ಟಿರುತ್ತದೆ, ತೀರ್ಥಹಳ್ಳಿ ಕಡೆಗೋ ಹೊಸನಗರ ಕಡೆಗೋ ಬೈಕ್ ಓಡಿಸಿಕೊಂಡು ವಾಪಸ್ ಬರುವುದು ಬೇಡವೇ ಬೇಡ. ಉಸಿರಾಟ ಕಷ್ಟವಾದರೆ, ಜ್ವರ ಬಂದರೆ, ತಲೆನೋವು ವಿಪರೀತವಾದರೆ, ಕೈಕಾಲಿನ ಬಲ ಕುಗ್ಗುತ್ತಾ ಹೋದರೆ ತಕ್ಷಣ ಆಸ್ಪತ್ರೆಗೆ.

ನೋವು ಇಳಿಯಿತು ಅಂತ ತಲೆಮೇಲೆ ಹುಲ್ಲಿನ ಹೊರೆ ಹೊರಬೇಡಿ. ಯಾರ ಹತ್ತಿರವೂ ಕುತ್ತಿಗೆ ತಿರುಚಿಸಿಕೊಳ್ಳಬೇಡಿ. ಈ ತೊಂದರೆ ಇದ್ದವರಿಗೆ ಸಣ್ಣ ಬೀಳುವಿಕೆಯಿಂದಲೂ ಬೆನ್ನುಹುರಿಗೆ ಪೆಟ್ಟಾಗಬಹುದು, ಅದಕ್ಕೇ ಮಳೆಗಾಲಕ್ಕೆ ಮೊದಲೇ ಅಂಗಳದ ಪಾಚಿ ಕೆರೆಸಿ, ಬಚ್ಚಲಿಗೆ ಹೋಗುವ ದಾರಿಗೆ ಅಡಿಕೆ ದಬ್ಬೆ ಹಾಸಿಸಿ.