ಹಳೆಯ ಆಲ್ಕೋ ಡೀಸೆಲ್ ಎಂಜಿನ್: ಗುರುತು ಹಿಡಿದು ದಾಖಲಿಸುವ ಬಗೆ

ಬೆಂಗಳೂರಿನ ಸುತ್ತಲಿನ ಹಳಿಗಳ ಮೇಲೆ ವಿದ್ಯುತ್ ತಂತಿ ಬಂದ ಮೇಲೆ ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದ ಹಳೆಯ ಡೀಸೆಲ್‌ಗಳು ಎಕ್ಸ್‌ಪ್ರೆಸ್‌ಗಳ ಮುಂದೆ ಕಾಣುವುದು ಅಪರೂಪ. ಶಂಟಿಂಗ್ (ಡಬ್ಬಿಗಳನ್ನು ಅತ್ತಿತ್ತ ಸರಿಸಿ ಜೋಡಿಸುವುದು), ಅಪಘಾತ ಪರಿಹಾರ ರೈಲು, ಇಂಥ ಕೆಲಸಗಳಲ್ಲಿ ಉಳಿದವನ್ನು ಗುಜರಿಗೆ ಹೋಗುವ ಮೊದಲೇ ದಾಖಲಿಸಿಡಬೇಕು. ಹಾಗೆ ದಾಖಲಿಸುವಾಗ ಬಣ್ಣವನ್ನು ನಂಬಬೇಡಿ. ಶೆಡ್, ಅಂದರೆ ಎಂಜಿನ್ನನ್ನು ನೋಡಿಕೊಳ್ಳುವ ಡಿಪೋ, ಬದಲಾದರೆ ಬಣ್ಣವೂ ಬದಲಾಗುತ್ತದೆ.

ಮೊದಲು ವರ್ಗದ ಹೆಸರು ಓದಿ, ಉದಾಹರಣೆಗೆ ಡಬ್ಲ್ಯೂಡಿಎಂ-2. ಮೊದಲ ಅಕ್ಷರ ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ. ಡಬ್ಲ್ಯೂ ಎಂದರೆ 1676 ಮಿ.ಮೀ. ಬ್ರಾಡ್‌ಗೇಜ್, ವೈ ಎಂದರೆ 1000 ಮಿ.ಮೀ. ಮೀಟರ್‌ಗೇಜ್, ಝಡ್ ಎಂದರೆ 762 ಮಿ.ಮೀ. ನ್ಯಾರೋಗೇಜ್. ಎರಡನೆಯ ಅಕ್ಷರ ಡಿ, ಡೀಸೆಲ್. ಮೂರನೆಯದು ಕೆಲಸ ಹೇಳುತ್ತದೆ: ಎಂ ಮಿಶ್ರ, ಜಿ ಗೂಡ್ಸ್, ಪಿ ಪ್ರಯಾಣಿಕ, ಎಸ್ ಶಂಟಿಂಗ್. ಹೆಚ್ಚಿನವರು ಎಡವುವುದು ಕೊನೆಯ ಅಂಕಿಯಲ್ಲಿ. ಡಬ್ಲ್ಯೂಡಿಎಂ-3ಎ ಯಲ್ಲಿ ಅದು ಶಕ್ತಿಯ ಲೆಕ್ಕ, 3100 ಅಶ್ವಶಕ್ತಿ. ಡಬ್ಲ್ಯೂಡಿಎಂ-2 ರಲ್ಲಿ ಅದು ಮಾದರಿಯ ಕ್ರಮಸಂಖ್ಯೆ ಅಷ್ಟೇ. ಅದರ ಶಕ್ತಿ 2600.

ಹಳೆಯ ಡಬ್ಲ್ಯೂಡಿಎಂ-2 ಗಳನ್ನು ಮರುನಿರ್ಮಿಸಿ 3ಎ ಮಾಡಿದ್ದೂ ಉಂಟು. ಹಾಗಾದಾಗ ನಂಬರಿನ ಜತೆ ‘ಆರ್’ ಸೇರಿರಬಹುದು. ಚಾಲಕರ ಕ್ಯಾಬ್ ಪಕ್ಕದ ತಯಾರಕರ ಫಲಕ, ಪಟಿಯಾಲದ ಕಾರ್ಖಾನೆಯ ಮರುನಿರ್ಮಾಣ ಫಲಕ, ಎರಡನ್ನೂ ಹುಡುಕಿ. ಒಂದನ್ನಷ್ಟೇ ಬರೆದುಕೊಂಡರೆ ವಯಸ್ಸು ತಪ್ಪುತ್ತದೆ. ಫಲಕದ ಇಸವಿ ಚೌಕಟ್ಟಿನದು, ಒಳಗಿರುವ ಡೀಸೆಲ್ ಯಂತ್ರದ್ದೇ ಆಗಬೇಕೆಂದಿಲ್ಲ. ದುರಸ್ತಿಯ ವೇಳೆ ಯಂತ್ರಗಳು ಅದಲುಬದಲಾಗುತ್ತವೆ.

ಮುಂದೆ ಬೋಗಿ ನೋಡಿ. ನಮ್ಮ ಮಾತಿನಲ್ಲಿ ಬೋಗಿ ಎಂದರೆ ಪ್ರಯಾಣಿಕರ ಡಬ್ಬಿ. ಇಲ್ಲಿ ಹೇಳುತ್ತಿರುವುದು ಎಂಜಿನ್ ಅಡಿಯ ಗಾಲಿಗಳ ಚೌಕಟ್ಟು. ಮೂರು ಗಾಲಿಗಳಲ್ಲಿ ನಡುವಿನದು ಸರಿಯಾಗಿ ನಡುವೆ ಇರದೆ ಒಂದು ಕಡೆಗೆ ಸರಿದಿದ್ದರೆ ಅದು ಟ್ರೈಮೌಂಟ್. ಗಾಲಿ ತಿರುಗಿಸುವ ಮೋಟರುಗಳನ್ನು ಕೂರಿಸಿದ ರೀತಿಯಿಂದ ಬಂದ ಅಂತರ ಅದು. ಡಬ್ಲ್ಯೂಡಿಎಂ-2, 3ಎ ಗಳಿಗೆ ಇದೇ ದೊಡ್ಡ ಗುರುತು, ಎಷ್ಟು ಸಲ ಬಣ್ಣ ಬಳಿದರೂ ಅಳಿಸಲಾಗದ್ದು.

ಕಿವಿಯೂ ಬೇಕು. ಆಲ್ಕೋದ 16 ಸಿಲಿಂಡರಿನ ‘251’ ಮಾದರಿಯ ಯಂತ್ರ ನಾಲ್ಕು ಸ್ಟ್ರೋಕಿನದು. ನಿಂತಲ್ಲೇ ಓಡುವಾಗ ಒಂದೊಂದು ಬಡಿತವೂ ಬೇರೆಬೇರೆಯಾಗಿ ಕೇಳಿಸುತ್ತದೆ. ಲೋಕೋ ಪೈಲಟ್ ನಾಚ್ (ಶಕ್ತಿ ಹೆಚ್ಚಿಸುವ ಹಿಡಿಯ ಮೆಟ್ಟಿಲು) ಏರಿಸಿದ ಕೂಡಲೇ ಇಂಧನ ಹೆಚ್ಚುತ್ತದೆ, ಆದರೆ ಹೊರಬೀಳುವ ಹೊಗೆಯಿಂದಲೇ ತಿರುಗಿ ಯಂತ್ರಕ್ಕೆ ಗಾಳಿ ತುಂಬುವ ಟರ್ಬೋ ವೇಗ ಹಿಡಿಯಲು ಕೆಲ ಕ್ಷಣ ಬೇಕು. ಅಷ್ಟರಲ್ಲಿ ಗಾಳಿ ಸಾಲದೆ ಕಪ್ಪು ಹೊಗೆ ಏಳುತ್ತದೆ. ಡಬ್ಲ್ಯೂಡಿಪಿ-4 ರ ಇಎಂಡಿ (ಅಮೆರಿಕದ ಇನ್ನೊಂದು ಕಂಪನಿ) ಯಂತ್ರ ಎರಡು ಸ್ಟ್ರೋಕಿನದು. ಕಡಿಮೆ ವೇಗದಲ್ಲಿ ಅದರ ಟರ್ಬೋವನ್ನು ಯಂತ್ರವೇ ಗೇರಿನ ಮೂಲಕ ತಿರುಗಿಸುವುದರಿಂದ ಅಷ್ಟು ಹೊಗೆಯಿಲ್ಲ, ಸದ್ದೂ ಒಂದೇ ಸಮನೆ ಗುಂಯ್‌ಗುಡುತ್ತದೆ. ಫೋನಿನಲ್ಲಿ ಎರಡು ನಿಮಿಷ ಧ್ವನಿ ಹಿಡಿಯಿರಿ: ಮೊದಲ ನಿಮಿಷ ನಿಂತ ಸದ್ದು, ಆಮೇಲೆ ಹೊರಡುವ ಸದ್ದು. ಗದ್ದಲ ತಗ್ಗಿಸುವ ಆಯ್ಕೆಯನ್ನು ಆಫ್ ಮಾಡಿಡಿ, ಇಲ್ಲವಾದರೆ ಅದು ಬಡಿತವನ್ನೇ ನುಂಗಿಬಿಡುತ್ತದೆ.

ಚಿತ್ರಗಳು ಆರು ಸಾಕು: ಮುಕ್ಕಾಲು ಕೋನದಿಂದ (ಮುಂಭಾಗವೂ ಒಂದು ಪಕ್ಕವೂ ಕಾಣುವಂತೆ) ಪೂರ್ತಿ ಎಂಜಿನ್, ನೇರ ಪಕ್ಕದಿಂದ ಒಂದು, ನಂಬರು, ಶೆಡ್ ಗುರುತು, ಫಲಕ, ಬೋಗಿ. ಫಲಕವನ್ನು ಎದುರಿನಿಂದ ತೆಗೆದರೆ ಹೊಳಪು ಅಕ್ಷರ ನುಂಗುತ್ತದೆ, ತುಸು ಓರೆಯಾಗಿ ನಿಲ್ಲಿ. ಶೆಡ್ ಗುರುತು ಕೆಜೆಎಂ ಆದರೆ ಕೃಷ್ಣರಾಜಪುರಂ, ಯುಬಿಎಲ್ ಆದರೆ ಹುಬ್ಬಳ್ಳಿ, ಇಡಿ ಈರೋಡು, ಜಿವೈ ಗುತ್ತಿ.

ಇದೆಲ್ಲ ಪ್ಲಾಟ್‌ಫಾರಂ ಮೇಲಿಂದಲೇ ಆಗಬೇಕು, ಪ್ಲಾಟ್‌ಫಾರಂ ಟಿಕೆಟ್ ಕೈಯಲ್ಲಿರಲಿ. ಹಳಿಗೆ ಇಳಿಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ, ಆರು ತಿಂಗಳವರೆಗೆ ಸೆರೆಯಾಗಬಹುದು. ಮೇಲೆ 25,000 ವೋಲ್ಟಿನ ತಂತಿ ಇದೆ. ಸೆಲ್ಫಿ ಕೋಲು ಎತ್ತಲೇಬೇಡಿ. ಶೆಡ್ ಒಳಗೆ ಅನುಮತಿ ಪತ್ರವಿಲ್ಲದೆ ಹೋಗಬಾರದು.

ಮನೆಯ ಆಲ್ಬಮ್ಮಿನ ಹಳೆಯ ಚಿತ್ರಗಳಿಗೂ ಇದೇ ವಿಧಾನ ನಡೆಯುತ್ತದೆ, ಮೊದಲು ಗೇಜು ನೋಡಿದರೆ. 1864ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದ ಜೋಲಾರ್‌ಪೇಟೆ ಮಾರ್ಗ ಬ್ರಾಡ್‌ಗೇಜ್. 1882ರಲ್ಲಿ ಮೈಸೂರು ತಲುಪಿದ ಮಾರ್ಗ ಮೀಟರ್‌ಗೇಜ್, ಅದು ಅಗಲವಾದದ್ದು 1990ರ ದಶಕದಲ್ಲಿ. ಹಾಗಾಗಿ 1980ರಲ್ಲಿ ಈ ಮೈಸೂರು ಮಾರ್ಗದ ಮದ್ದೂರು ನಿಲ್ದಾಣದಲ್ಲಿ ತೆಗೆದ ಡೀಸೆಲ್ ಎಂಜಿನ್ ಚಿತ್ರಕ್ಕೆ ‘ಡಬ್ಲ್ಯೂಡಿಎಂ-2’ ಎಂದು ಬರೆದರೆ ತಪ್ಪು. ಅದು ವೈಡಿಎಂ-4 ಇದ್ದೀತು: ಅದೇ 251 ಕುಲದ, ಆದರೆ ಆರೇ ಸಿಲಿಂಡರಿನ, ಸುಮಾರು 1400 ಅಶ್ವಶಕ್ತಿಯ ಎಂಜಿನ್.

ಗೇಜು ಅಳೆದು ಕಲಿಯಲು 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯ ಒಳ್ಳೆಯದು. ಸಿಬ್ಬಂದಿಯನ್ನು ಕೇಳಿ, ಪ್ರದರ್ಶನಕ್ಕಿಟ್ಟ ಹಳಿಯ ಮೇಲೆ ಟೇಪು ಹಿಡಿಯಿರಿ: ಒಂದು ಹಳಿಯ ಒಳ ಅಂಚಿನಿಂದ ಇನ್ನೊಂದರ ಒಳ ಅಂಚಿಗೆ. ಹಳಿಗಳ ನಡುಮಧ್ಯದಿಂದ ಅಳೆದರೆ ಅಳತೆ ಹೆಚ್ಚು ಬರುತ್ತದೆ.

ಮನೆಗೆ ಬಂದ ದಿನವೇ ಕಡತಕ್ಕೆ ಹೆಸರಿಡಿ: ದಿನಾಂಕ, ನಿಲ್ದಾಣ, ವರ್ಗ, ನಂಬರು, ಶೆಡ್. ಫಲಕ ಓದಲಾಗದಿದ್ದರೆ ಊಹೆಯ ಇಸವಿ ಬರೆಯದೆ ಆ ಜಾಗವನ್ನು ಖಾಲಿ ಬಿಡಿ.