ಉಬುಂಟು ಹೋದರೂ ಗ್ರಬ್ ಹೋಗಲಿಲ್ಲ
ವಿಂಡೋಸ್ 10ರ ಜೊತೆಗಿದ್ದ ಉಬುಂಟುವಿನ (ಲಿನಕ್ಸ್‌ನ ಒಂದು ರೂಪ) ಡಿಸ್ಕ್ ವಿಭಾಗವನ್ನು ಅಳಿಸಿ ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡಿದರೆ, ಕಪ್ಪು ಪರದೆಯ ಮೇಲೆ ‘ಗ್ರಬ್’ ಎಂಬ ಅಕ್ಷರಗಳಷ್ಟೇ ಕಂಡವು. ವಿಂಡೋಸ್‌ಗೆ ಏನೂ ಆಗಿರಲಿಲ್ಲ. ಯುಇಎಫ್‌ಐ ಎಂಬ ಹೊಸ ಬಗೆಯ ಆರಂಭ ವ್ಯವಸ್ಥೆಯಿರುವ ಯಂತ್ರಗಳಲ್ಲಿ, ಆಪರೇಟಿಂಗ್ ಸಿಸ್ಟಮನ್ನು ಚಾಲೂ ಮಾಡುವ ಬೂಟ್‌ಲೋಡರ್ ಇರುವುದು ಇಎಫ್‌ಐ ಎಂಬ ಪುಟ್ಟ ಪ್ರತ್ಯೇಕ ವಿಭಾಗದಲ್ಲಿ. ಅಲ್ಲಿ ಉಳಿದಿದ್ದ ಉಬುಂಟುವಿನ ಬೂಟ್‌ಲೋಡರ್ ಗ್ರಬ್, ಮನೆ ಖಾಲಿ ಮಾಡಿದ ಬಾಡಿಗೆದಾರನನ್ನು ಹುಡುಕುವ ಅಂಚೆಯವನಂತೆ, ಇಲ್ಲದ ಲಿನಕ್ಸನ್ನು ಹುಡುಕುತ್ತಿತ್ತು.

ಲ್ಯಾಪ್‌ಟಾಪ್ ಚಾಲೂ ಆಗುವಾಗಲೇ ಎಫ್12 ಒತ್ತಿ (ಕೆಲವು ಯಂತ್ರಗಳಲ್ಲಿ ಕೀಲಿ ಬೇರೆ) ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದೆ, ವಿಂಡೋಸ್ ತೆರೆದುಕೊಂಡಿತು. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಮೌಂಟ್‌ವಾಲ್ ಆದೇಶದಿಂದ ಇಎಫ್‌ಐ ವಿಭಾಗಕ್ಕೆ ‘ಎಸ್’ ಅಕ್ಷರ ಕೊಟ್ಟು, ಅದರೊಳಗಿನ ಉಬುಂಟು ಫೋಲ್ಡರನ್ನು ಮಾತ್ರ ಅಳಿಸಿದೆ. ಪಕ್ಕದ ಮೈಕ್ರೋಸಾಫ್ಟ್ ಫೋಲ್ಡರನ್ನು ಮುಟ್ಟಲೇಬಾರದು. ಕೊನೆಗೆ ಯುಇಎಫ್‌ಐ ಸೆಟ್ಟಿಂಗ್ಸ್‌ನ ಬೂಟ್ ಕ್ರಮದಲ್ಲಿ ವಿಂಡೋಸನ್ನು ಮೊದಲ ಸ್ಥಾನಕ್ಕೆ ತಂದೆ.

ಎಲ್ಲರೂ ಹೇಳುವ ‘ಫಿಕ್ಸ್‌ಎಂಬಿಆರ್’ ಆದೇಶ (ಡಿಸ್ಕಿನ ಮೊದಲಲ್ಲಿರುವ ಬೂಟ್ ಕೋಡನ್ನು ಮತ್ತೆ ಬರೆಯುವಂಥದ್ದು) ಯುಇಎಫ್‌ಐಗೆ ಮುಂಚಿನ ಹಳೆಯ ಬಯಾಸ್ ಯಂತ್ರಗಳಿಗೆ ಸರಿ, ಇಲ್ಲಿ ಅದರಿಂದ ಪ್ರಯೋಜನವಿಲ್ಲ.